ವಾಚು ಕಟ್ಟಿದ ಗಾಣ

ನಮ್ಮಪ್ಪ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವರು. ಡ್ರೈವರುಗಳು ಅವರಿಗೆ ಇಟ್ಟಿದ್ದ ಹೆಸರು ‘ಎರಡ್ನಿಮಿಷ’. ಎರಡೇ ಎರಡು ನಿಮಿಷ ತಡವಾಗಿ ಬಂದ ಬಸ್ಸನ್ನೂ ಅವರು ಸುಮ್ಮನೆ ಒಳಗೆ ಬಿಟ್ಟವರಲ್ಲ. ಮನೆಗೆ ಬಂದ ಇಬ್ಬರು ಅಳಿಯಂದಿರನ್ನೂ ಅವರು ನೋಡಿದ್ದು ಅದೇ ಕಣ್ಣಿನಿಂದ. ಎಲ್ಲೋ ದಾರಿಯಲ್ಲಿ ನಿಲ್ಲಿಸಿ ಮಲಗಿ ಬಂದಿದ್ದಾನೆ, ಈಗ ಗೇಟಿನಲ್ಲಿ ಹಲ್ಲು ಕಿರಿಯುತ್ತಿದ್ದಾನೆ ಎನ್ನುವ ಹಾಗೆ.

ಅಕ್ಕನ ಮದುವೆಗೊಂದು, ನನ್ನ ಮದುವೆಗೊಂದು ಎಂದು ಅಪ್ಪ ಒಂದೇ ಥರದ ಎರಡು ಆಟೋಮ್ಯಾಟಿಕ್ ವಾಚು ತಂದಿದ್ದರು. ಬ್ಯಾಟರಿ ಇಲ್ಲ, ದಿನಾ ಕೀಲಿ ಕೊಡುವ ತಾಪತ್ರಯವೂ ಇಲ್ಲ. ಕಟ್ಟಿಕೊಂಡವನ ಕೈ ಆಡುತ್ತಿದ್ದರೆ ಒಳಗಿರುವ ಒಂದು ತೂಕದ ಬಿಲ್ಲೆ ಸುತ್ತುತ್ತದೆ, ಅದರಿಂದ ಸ್ಪ್ರಿಂಗು ಬಿಗಿಯಾಗಿ ವಾಚು ಓಡುತ್ತದೆ. ಕಳಚಿ ಇಟ್ಟರೆ ಒಂದೆರಡು ದಿನ ಉಸಿರು ಹಿಡಿದುಕೊಂಡಿದ್ದು ಆಮೇಲೆ ನಿಂತುಬಿಡುತ್ತದೆ. ಎರಡೂ ವಾಚಿನ ಬೆನ್ನಿಗೆ ಅಪ್ಪ ‘ದುಡಿವ ಕೈಗೆ’ ಎಂದು ಕೊರೆಸಿದ್ದರು. ಮದುವೆಮನೆಯಲ್ಲಿ ಅದನ್ನು ಓದಿ ಎಲ್ಲರೂ ತಲೆದೂಗಿದರು. ಅದು ಉಡುಗೊರೆಯಲ್ಲ, ಅಳಿಯನ ಮಣಿಕಟ್ಟಿಗೆ ಮಾವ ಕಟ್ಟಿದ ಕಾವಲುಗಾರ ಎಂದು ನಮಗೆ ತಿಳಿಯುವುದಕ್ಕೆ ಸ್ವಲ್ಪ ದಿನ ಹಿಡಿಯಿತು.

ನನ್ನ ಗಂಡ ಬೇಕರಿಯವರು. ಮೊಳಕೈವರೆಗೆ ಹಿಟ್ಟಿನಲ್ಲಿರುವ ಮನುಷ್ಯ ವಾಚು ಎಲ್ಲಿ ಕಟ್ಟಬೇಕು, ಕೊರಳಿಗಾ? ಅದು ಡ್ರಾಯರಿನಲ್ಲಿರುತ್ತಿತ್ತು, ನಿಂತಿರುತ್ತಿತ್ತು. ಎರಡು ಬೀದಿ ಆಚೆ ಇದ್ದ ಅಪ್ಪ ಭಾನುವಾರಕ್ಕೊಮ್ಮೆ ಬಂದು, ಕೂರುವ ಮೊದಲೇ ಕೇಳುತ್ತಿದ್ದರು.

“ಎಲ್ಲಿ ಅಳಿಯಂದ್ರೇ, ವಾಚು?”

“ಒಳಗಿದೆ ಮಾವ.”

“ಓಡ್ತಿದೆಯಾ?”

“ಇಲ್ಲ ಮಾವ. ನಿಂತಿದೆ.”

“ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನೀವು ಕೈಯನ್ನೇ ಡ್ರಾಯರಲ್ಲಿ ಇಟ್ಟಿದ್ದೀರಿ.”

“ಕೆಸರಿನ ಬದಲು ಹಿಟ್ಟಾಗಿದೆ ಮಾವ. ಅದರೊಳಗೆ ವಾಚು ಮುಳುಗಿಸಿದ್ರೆ ಗಿರಾಕಿ ಬನ್ನು ಕಚ್ಚಿದಾಗ ಸ್ಪ್ರಿಂಗು ಸಿಗುತ್ತೆ.”

“ಮಾತು ಮಾತ್ರ ಚೆನ್ನಾಗಿ ನಾದ್ತೀರಿ,” ಎನ್ನುತ್ತಿದ್ದರು ಅಪ್ಪ. ಇಬ್ಬರೂ ನಗುತ್ತಿರಲಿಲ್ಲ. ನಾನು ನಡುವೆ ಟೀ ಇಟ್ಟು ಹೋಗುತ್ತಿದ್ದೆ. ಅವರ ಮಾತಿಗೆ ಹೋಲಿಸಿದರೆ ಟೀ ತಣ್ಣಗಿರುತ್ತಿತ್ತು.

ನಮ್ಮ ಬೇಕರಿಯ ರೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ಬೆಳಗಿನ ಜಾವ ಕೆಳಗಿಳಿಯುತ್ತಾರೆ. ಹಿಟ್ಟು ಕಲಸುವುದು ಯಂತ್ರವೇ, ಆದರೆ ಕೊನೆಯ ನಾದುವಿಕೆ ಕೈಯಲ್ಲೇ ಆಗಬೇಕು. ಹಿಟ್ಟು ಕೈಗೆ ಏನೋ ಹೇಳುತ್ತದಂತೆ, ಯಂತ್ರಕ್ಕೆ ಹೇಳುವುದಿಲ್ಲವಂತೆ. ಗೋಡೆಯಲ್ಲಿರುವ ದೊಡ್ಡ ಗಡಿಯಾರವನ್ನು ಅವರು ಯಾವಾಗಲೂ ಹನ್ನೆರಡು ನಿಮಿಷ ಮುಂದೆ ಇಡುತ್ತಾರೆ. ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಹಾಗೆ ಇಡುತ್ತಿದ್ದರಂತೆ. ಅದನ್ನು ನೋಡಿ ಕೆಲಸ ಮಾಡಿದರೆ, ಶಟರ್ ಎತ್ತುವ ಹೊತ್ತಿಗೆ ಬ್ರೆಡ್ಡು ಆರಿ ಕವರಿಗೆ ಹೋಗಲು ತಯಾರಿರುತ್ತದೆ. ಬರಬರುತ್ತಾ ಮಹಡಿ ಮೇಲಿನ ನಮ್ಮ ಸಂಸಾರವೂ ಆ ಗಡಿಯಾರಕ್ಕೇ ಒಗ್ಗಿಹೋಗಿದೆ. ನಮ್ಮ ಊಟ, ನಿದ್ದೆ, ಜಗಳ ಎಲ್ಲವೂ ಊರಿಗಿಂತ ಹನ್ನೆರಡು ನಿಮಿಷ ಮುಂಚೆ.

ಕಟ್ಟಡ ಅಪ್ಪನದು. ಕೆಳಗೆ ಬೇಕರಿ, ಮೇಲೆ ನಾವು. ಬೇಕರಿಯ ಒಳಗೋಡೆಗೆ ಅಂಟಿಕೊಂಡಿರುವ ಇಟ್ಟಿಗೆಯ ಭಟ್ಟಿಯನ್ನು ನನ್ನ ಗಂಡ ನಿಂತು ಕಟ್ಟಿಸಿದ್ದು. ಎತ್ತಿಕೊಂಡು ಹೋಗುವಂಥದ್ದಲ್ಲ ಅದು. ಮೊದಲನೇ ವರ್ಷವೆಲ್ಲ ಅದು ಒಂದು ಪಕ್ಕ ಸೀಯಿಸುತ್ತಿತ್ತು, ಇನ್ನೊಂದು ಪಕ್ಕ ಹಸಿ ಬಿಡುತ್ತಿತ್ತು. ಅದರ ಬುದ್ಧಿ ತಿಳಿಯುವುದಕ್ಕೆ ಇವರು ಪಟ್ಟ ಪಾಡನ್ನು ನಾನು ನೋಡಿದ್ದೇನೆ. ನನ್ನ ಬುದ್ಧಿ ತಿಳಿಯುವುದಕ್ಕೆ ಅಷ್ಟು ಪಾಡು ಪಟ್ಟಿಲ್ಲ.

ಈ ಜಾಗದ ಮೇಲೆ ನಮ್ಮ ಭಾವನ ಕಣ್ಣು ಬಿತ್ತು. ಭಾವ ಎಂದರೆ ಅಕ್ಕನ ಗಂಡ, ವಿಮಾ ಕಚೇರಿಯಲ್ಲಿ ಕೆಲಸ. ನನ್ನ ಗಂಡ ಅವರಿಗೆ ಇಟ್ಟ ಹೆಸರು ‘ಕುರ್ಚಿ’. ಕುರ್ಚಿಗೆ ಈಗ ಕಚೇರಿಯ ಜೊತೆಗೊಂದು ಹಾಸಿಗೆ ಅಂಗಡಿ ತೆರೆಯುವ ಆಸೆ.

“ಕೂತು ಸಾಕಾಯ್ತು, ಇನ್ನು ಮಲಗೋದಕ್ಕೊಂದು ಅಂಗಡಿ,” ಎಂದರು ನನ್ನ ಗಂಡ.

ಒಂದು ಭಾನುವಾರ ಭಾವ ಅಪ್ಪನ ಜೊತೆಗೇ ಬೇಕರಿಗೆ ಬಂದರು. ಬಂದವರು ಜೇಬಿನಿಂದ ಅಳತೆಯ ಟೇಪು ತೆಗೆದು ಶಟರ್‌ನಿಂದ ಒಳಗೋಡೆಯವರೆಗೆ ಎಳೆದರು. ನನ್ನ ಗಂಡ ಮೇಜಿನ ಮೇಲೆ ಹಿಟ್ಟು ಮಡಚುತ್ತಾ ನಿಂತಿದ್ದರು. ತಲೆ ಎತ್ತಲಿಲ್ಲ.

“ಈ ಗೂಡು ಒಡೆದುಬಿಟ್ರೆ ದೊಡ್ಡ ಮಂಚ ಎರಡು ಆರಾಮಾಗಿ ಹಿಡಿಯುತ್ತೆ ಮಾವ,” ಎಂದರು ಭಾವ, ಭಟ್ಟಿಯನ್ನು ತೋರಿಸಿ.

“ಷಡ್ಡಕರೇ, ಟೇಪು ಹುಷಾರು,” ಎಂದರು ನನ್ನ ಗಂಡ. “ಭಟ್ಟಿ ಬಾಗಿಲು ಬಿಸಿ ಇದೆ. ಟೇಪು ಸುಟ್ರೆ ಪರವಾಗಿಲ್ಲ, ಕೈ ಸುಟ್ರೆ ಆಫೀಸಲ್ಲಿ ಆಕಳಿಸುವಾಗ ಬಾಯಿಗೆ ಅಡ್ಡ ಹಿಡಿಯೋದಕ್ಕೆ ಏನ್ ಮಾಡ್ತೀರಿ?”

“ನೋಡಿದ್ರಾ ಮಾವ? ನಾನು ಜಾಗ ಅಳೆದ್ರೆ ಇವರು ನನ್ನನ್ನ ಅಳೀತಾರೆ.”

“ನಿಮ್ಮನ್ನ ಅಳೆಯೋಕೆ ಅಷ್ಟು ಉದ್ದದ ಟೇಪು ಬೇಡ ಬಿಡಿ.”

“ಸಾಕು,” ಎಂದರು ಅಪ್ಪ. ಕೈ ಚಾಚಿದರು. “ಇಬ್ಬರೂ ವಾಚು ತೋರಿಸಿ.”

ಭಾವ ತೋಳು ಮಡಚಿ ಮಣಿಕಟ್ಟು ಮುಂದಿಟ್ಟರು. ವಾಚು ಟಿಕಟಿಕ ಎನ್ನುತ್ತಿತ್ತು. ನಮ್ಮದನ್ನು ನಾನು ಮೇಲಿನಿಂದ ತಂದೆ. ನಿಂತಿತ್ತು.

“ಮುಂದಿನ ತಿಂಗಳ ಮೊದಲ ಭಾನುವಾರ ಮತ್ತೆ ಬರ್ತೀನಿ. ಎರಡೂ ವಾಚು ನೋಡ್ತೀನಿ. ದುಡಿಯೋ ಕೈ ಯಾವುದೋ, ಈ ಜಾಗ ಅದಕ್ಕೆ. ಆವತ್ತೇ ತೀರ್ಮಾನ,” ಎಂದರು ಅಪ್ಪ.

ನನಗೆ ತಡೆಯಲಾಗಲಿಲ್ಲ. “ಅಪ್ಪಾ, ದುಡಿಯೋ ಕೈ ಕಣ್ಣೆದುರೇ ಇದೆಯಲ್ಲ. ಮೊಳಕೈವರೆಗೂ ಹಿಟ್ಟಲ್ಲಿದೆ.”

“ಕಣ್ಣಿಗೆ ಕಂಡದ್ದನ್ನ ನಂಬೋ ಹಾಗಿದ್ರೆ ಡಿಪೋಗೆ ಟೈಮ್ ಕೀಪರ್ ಯಾಕಮ್ಮ ಬೇಕು? ಕಣ್ಣಿಗೆ ಎಲ್ಲಾ ಡ್ರೈವರೂ ಒಳ್ಳೆಯೋರೇ.”

ಅವರು ಹೋದ ಮೇಲೆ ನನ್ನ ಗಂಡ ಭಟ್ಟಿಯ ಮೈಯನ್ನು ಅಂಗೈಯಿಂದ ಮೆಲ್ಲಗೆ ಎರಡು ಸಲ ತಟ್ಟಿದರು, ಕುದುರೆಯ ಬೆನ್ನು ತಟ್ಟುವ ಹಾಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ವಾಚನ್ನು ಓಡಿಸುವ ಪ್ರಯತ್ನ ಶುರುವಾಯಿತು. ಜೊತೆಗೆ ಗಂಡ ಹೆಂಡಿರ ಜಗಳವೂ ಶುರುವಾಯಿತು.

“ಕೆಲಸ ಮುಗಿದ ಮೇಲೆ ಕಟ್ಟಿಕೊಳ್ಳಿ. ಕೈ ಬೀಸಿಕೊಂಡು ಒಂದು ಸುತ್ತು ನಡೆದು ಬನ್ನಿ,” ಎಂದೆ.

“ಬೆಳಗಿನಿಂದ ಹಿಟ್ಟು ನಾದಿ ಬಂದೋನು ಸಂಜೆ ಗಾಳಿ ನಾದ್ಲಾ?”

“ನಿಮ್ಮ ಭಟ್ಟಿಗೋಸ್ಕರ ರೀ.”

“ನಿಮ್ಮಪ್ಪನ ಹಟಕ್ಕೋಸ್ಕರ ಅನ್ನು.”

ಆದರೂ ಕಟ್ಟಿಕೊಂಡರು. ಊದಿದ ಕೈಗೆ ಪಟ್ಟಿ ಬಿಗಿಯಾಗಿ ಮಣಿಕಟ್ಟಿನ ಮೇಲೆ ಕೆಂಪು ಬರೆ ಬಿತ್ತು. ಮಲಗಿದರೆ ಕೊರಡು ಮಲಗಿದ ಹಾಗೆ ಮಲಗುವ ಮನುಷ್ಯ, ಕೈ ಎಲ್ಲಿಂದ ಆಡಬೇಕು? ವಾಚು ಒಂದು ದಿನ ಓಡುವುದು, ಎರಡನೇ ದಿನ ಕುಂಟುವುದು, ಮೂರನೇ ದಿನ ಮಲಗುವುದು. ನಾನೇ ಅದನ್ನು ಹಿಡಿದು ಗಿಲಕಿಯಂತೆ ಆಡಿಸುತ್ತಾ ಕೌಂಟರಿನಲ್ಲಿ ಕೂತಿದ್ದೆ. ಬಿಸ್ಕತ್ತು ತೆಗೆದುಕೊಳ್ಳಲು ಬಂದ ಹಲ್ಲಿನ ಡಾಕ್ಟರಮ್ಮ ಅದನ್ನು ನೋಡಿ ನಕ್ಕುಬಿಟ್ಟರು.

“ಅದಕ್ಕೇ ಅಂತ ಒಂದು ಮಿಷನ್ ಇದೆ ಕಣ್ರೀ. ವೈಂಡರ್ ಅಂತಾರೆ. ವಾಚು ಕಟ್ಟಿಟ್ರೆ ಅದೇ ತಿರುಗಿಸ್ತಾ ಇರುತ್ತೆ. ನಮ್ಮ ಮನೆಯವರ ಹತ್ರ ಇದೆ.”

ನಾನು ಮೇಲೆ ಹೋಗಿ ಇದನ್ನು ಹೇಳಿದಾಗ ನನ್ನ ಗಂಡ ನನ್ನ ಕಡೆ ತಿರುಗಿದರು.

“ಗಾಣಕ್ಕೆ ಎತ್ತು ಕಟ್ಟೋದು ಕೇಳಿದ್ದೆ. ವಾಚು ಕಟ್ಟೋದು ಇವತ್ತೇ ಕೇಳಿದ್ದು. ಯಂತ್ರ ತಿರುಗುತ್ತೆ, ನಾನು ದುಡಿದೆ ಅಂತ ನಿಮ್ಮಪ್ಪ ತಲೆ ಆಡಿಸ್ತಾರೆ. ಅಷ್ಟೇನಾ?”

“ಅಷ್ಟೇ.”

“ನಾಚಿಕೆ ಆಗಲ್ವಾ ನಿನಗೆ?”

“ಆಗುತ್ತೆ. ಭಟ್ಟಿ ಒಡೆದ ಜಾಗದಲ್ಲಿ ಭಾವ ಮಂಚ ಹಾಕಿದ ದಿನ ಅದಕ್ಕಿಂತ ಜಾಸ್ತಿ ಆಗುತ್ತೆ.”

ಆ ಮಾತಿಗೆ ಅವರು ಅಂಗಿ ಹಾಕಿಕೊಂಡರು.

ವಾಚಿನ ಅಂಗಡಿ ಎಂದರೆ ಅದೊಂದು ಗಾಜಿನ ಮನೆ. ಒಳಗೆ ಕಾಲಿಟ್ಟರೆ ನಮ್ಮ ಉಸಿರೇ ನಮಗೆ ಕೇಳಿಸುವಷ್ಟು ಮೌನ. ಮಾರಾಟದ ಹುಡುಗ ಹುಡುಗನೇನಲ್ಲ, ನಲವತ್ತು ದಾಟಿದವನು, ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದ. ನನ್ನ ಗಂಡ ಗಾಜಿನ ಮೇಲೆ ಕೈಯಿಟ್ಟಾಗ ಉಗುರಿನ ಸಂದಿಯ ಹಿಟ್ಟನ್ನು ನೋಡಿ, ಕೈ ತೆಗೆದ ಕೂಡಲೇ ಆ ಜಾಗವನ್ನು ಬಟ್ಟೆಯಿಂದ ಒರೆಸಿದ. ಮತ್ತೆ ಇಟ್ಟರು, ಮತ್ತೆ ಒರೆಸಿದ. ಮೂರನೇ ಸಲ ಇವರು ಬೇಕೆಂದೇ ಇಟ್ಟರು.

“ವೈಂಡರ್ ಬೇಕಾ ಸಾರ್? ಎಷ್ಟು ವಾಚಿಗೆ? ಎರಡಕ್ಕಾ, ನಾಲ್ಕಕ್ಕಾ?”

“ಒಂದಕ್ಕೆ.”

“ಒಂದೇ ವಾಚಿದ್ರೆ ಕೈಗೇ ಕಟ್ಟಿಕೊಳ್ಳಬಹುದಲ್ಲ ಸಾರ್.”

“ಕೈ ಬೇರೆ ಕೆಲಸಕ್ಕೆ ಬೇಕು. ನೀವು ತೋರಿಸಿ.”

ಅವನು ಮೊದಲು ತೆಗೆದದ್ದು ಗಾಜಿನ ಬಾಗಿಲು, ಒಳಗೆ ನೀಲಿ ದೀಪ ಇರುವ ಪೆಟ್ಟಿಗೆ. ದೀಪ ಹಾಕಿದರೆ ಒಳಗಿರುವುದು ವಾಚೋ ಮೀನೋ ಎನ್ನಿಸುತ್ತಿತ್ತು. ಬಚ್ಚಿಡಬೇಕಾದ ವಸ್ತುವಿಗೆ ದೀಪ ಏತಕ್ಕೆ? ಬೇಡ ಎಂದೆ. ಎರಡನೆಯದು ಅಗ್ಗದ್ದು, ಪ್ಲಾಸ್ಟಿಕ್ಕಿನದು. ಗುಂಡಿ ಒತ್ತಿದ ತಕ್ಷಣ ಗುರ್ರ್ ಎಂದು ಕೀರಲು ಶುರುಮಾಡಿತು.

“ಇದನ್ನ ಮನೆಯಲ್ಲಿಟ್ರೆ ಕಳ್ಳರು ಬರಲ್ಲ,” ಎಂದರು ನನ್ನ ಗಂಡ.

“ಹಗಲು ಹೊತ್ತು ಅಷ್ಟೇನೂ ಕೇಳಿಸಲ್ಲ ಸಾರ್.”

“ನಮ್ಮ ಮಾವನ ಕಿವಿ ನಿಮಗೆ ಗೊತ್ತಿಲ್ಲ.”

ಮೂರನೆಯದು ಸಣ್ಣದು, ಮರದ್ದು, ಮುಚ್ಚಳವಿರುವುದು. ಒಳಗೊಂದು ಪುಟ್ಟ ದಿಂಬು. ದಿಂಬಿಗೆ ವಾಚು ತೊಡಿಸಿ ಗೂಡಿನೊಳಗೆ ತಳ್ಳಬೇಕು. ಪ್ಲಗ್ಗೂ ಇತ್ತು, ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಹಿಂಬದಿಯಲ್ಲಿ ಬಲಕ್ಕೆ, ಎಡಕ್ಕೆ, ಎರಡೂ ಕಡೆಗೆ ಎಂದು ಮೂರು ಗುರುತಿನ ಸ್ವಿಚ್ಚು. ಕೆಲವು ವಾಚು ಯಾವ ಕಡೆ ಸುತ್ತಿದರೂ ಕೀಲಿ ಹಿಡಿಯುತ್ತವೆ, ಕೆಲವು ಒಂದೇ ಕಡೆ, ತಪ್ಪು ಕಡೆ ತಿರುಗಿಸಿದರೆ ವರ್ಷವಿಡೀ ಸುತ್ತಿದರೂ ವ್ಯರ್ಥ ಎಂದು ಅವನು ವಿವರಿಸಿದ.

“ನಮ್ಮ ಮಾವನ ಹಾಗೆ,” ಎಂದರು ಇವರು. “ಒಂದೇ ಕಡೆ ತಿರುಗೋದು. ಆಯ್ತು, ಇದು ತಿರುಗ್ತಾನೇ ಇರುತ್ತಾ, ನಡುವೆ ಬಿಡುತ್ತಾ?”

“ಸ್ವಲ್ಪ ಹೊತ್ತು ತಿರುಗುತ್ತೆ, ಜಾಸ್ತಿ ಹೊತ್ತು ಸುಮ್ಮನಿರುತ್ತೆ. ಒಂದೇ ಸಮ ತಿರುಗಿಸಿದ್ರೆ ಒಳಗಿನ ಸಾಮಾನು ಸವೆಯುತ್ತೆ. ಎಷ್ಟು ಬಿಡಬೇಕು ಅಂತ ಇಲ್ಲಿ ತಿರುಗಿಸಿ ಇಡಬಹುದು.”

ನನ್ನ ಗಂಡನ ಮುಖ ಆ ದಿನ ಮೊದಲ ಸಲ ಸ್ವಲ್ಪ ಸಡಿಲವಾಯಿತು. “ಹಿಟ್ಟಿನ ಹಾಗೆ. ನಾದಿ ಬಿಡಬೇಕು. ಬಿಡದೇ ಇದ್ದೋನು ಬೇಕರಿಯೋನೇ ಅಲ್ಲ. ಇದೇ ಇರಲಿ.”

“ವಾಚು ಕೊಡಿ ಸಾರ್, ಯಾವ ಕಡೆ ಅಂತ ನೋಡಿ ಇಟ್ಟುಕೊಡ್ತೀನಿ.”

ನಮ್ಮ ವಾಚನ್ನು ಬೆನ್ನು ಮೇಲಾಗಿ ತಿರುಗಿಸಿದವನು ಹುಬ್ಬು ಏರಿಸಿದ.

“ದುಡಿವ ಕೈಗೆ. ಈ ಬರಹ ನಾನು ನೋಡಿದ್ದೀನಲ್ಲ. ಹೋದ ವಾರ ಒಬ್ಬರು ತಂದಿದ್ರು. ಇದೇ ವಾಚು, ಇದೇ ಅಕ್ಷರ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

“ಯಾರು?” ಎಂದೆ.

“ವಿಮಾ ಆಫೀಸಿನೋರು ಮೇಡಂ. ದಿನಾ ಕಟ್ಟಿಕೊಂಡೇ ಇರ್ತಾರಂತೆ, ಆದ್ರೂ ಬೆಳಿಗ್ಗೆ ಎದ್ರೆ ನಿಂತಿರುತ್ತಂತೆ. ರಿಪೇರಿಗೆ ತಂದಿದ್ರು. ನಾವು ನೋಡಿದ್ವಿ, ವಾಚಲ್ಲಿ ದೋಷ ಇಲ್ಲ. ಕೂತ ಕಡೆ ಕೂತಿದ್ರೆ ಕೀಲಿ ಏರಲ್ಲ ಸಾರ್ ಅಂತ ಅಂದ್ವಿ. ಆ ಅಗ್ಗದ್ದು ತಗೊಂಡು ಹೋದ್ರು. ರಾತ್ರಿ ಅದರಲ್ಲಿ ಇಡೋದು, ಬೆಳಿಗ್ಗೆ ಕಟ್ಟಿಕೊಳ್ಳೋದು.”

ಅಂಗಡಿಯಿಂದ ಹೊರಬಿದ್ದ ಮೇಲೆ ನನ್ನ ಗಂಡ ಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ಮುಖ ಕಪ್ಪಿಟ್ಟಿತು.

“ನಡಿ, ಈಗಲೇ ನಿಮ್ಮಪ್ಪನ ಮನೆಗೆ ಹೋಗೋಣ. ನಿಮ್ಮ ದೊಡ್ಡಳಿಯನ ಕೈ ಎಷ್ಟು ದುಡಿಯುತ್ತೆ ಅಂತ ಹೇಳ್ತೀನಿ.”

“ಏನಂತ ಹೇಳ್ತೀರಿ? ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ?”

ಅವರು ತಮ್ಮ ಕಂಕುಳಲ್ಲಿದ್ದ ಪೊಟ್ಟಣವನ್ನು ನೋಡಿದರು. ಇಡೀ ದಾರಿ ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು.

ಮನೆಗೆ ಬಂದು ವೈಂಡರನ್ನು ಬೀರುವಿನಲ್ಲಿ ಹೊದಿಕೆಗಳ ಹಿಂದೆ ಇಟ್ಟೆವು. ಅವರು ಕೆಳಗೆ ಇಳಿದ ಮೇಲೆ ನಾನೇ ವಾಚಿಗೆ ಟೈಮು ಹೊಂದಿಸಿ, ದಿಂಬಿಗೆ ತೊಡಿಸಿ, ಮುಚ್ಚಳ ಮುಚ್ಚಿದೆ. ಸದ್ದೇ ಇಲ್ಲ. ಕಿವಿ ಇಟ್ಟರೆ ಮಾತ್ರ ಬೆಕ್ಕು ನಿದ್ದೆಯಲ್ಲಿ ಉಸಿರಾಡಿದಂತೆ ಒಂದು ಸಪ್ಪಳ. ವಾಚು ಓಡಿತು. ನಿಲ್ಲದೆ ಓಡಿತು.

ಅದು ಓಡಿದಷ್ಟೂ ನನ್ನ ಗಂಡನಿಗೆ ಸಿಟ್ಟು ಏರಿತು. ಬಟ್ಟೆ ತೆಗೆಯಲು ಬೀರು ತೆಗೆದಾಗಲೆಲ್ಲ ಆ ಪೆಟ್ಟಿಗೆಗೊಂದು ಮಾತು.

“ಏನಪ್ಪಾ ದುಡಿಮೆಗಾರ, ಸುಸ್ತಾಯ್ತಾ? ಮಲಗು, ಮಲಗು. ನಿನಗೆ ಬಿಡುವಿದೆ.”

“ಅದರ ಜೊತೆಗೂ ಜಗಳಾನಾ?” ಎಂದೆ.

“ಈ ಮನೆಯಲ್ಲಿ ನಿಮ್ಮಪ್ಪ ಮೆಚ್ಚೋನು ಅವನೊಬ್ಬನೇ. ನನಗೆ ಹೊಟ್ಟೆಕಿಚ್ಚು.”

ಆ ಭಾನುವಾರ ಬಂತು. ಅಪ್ಪ, ಅಕ್ಕ, ಭಾವ ಮೂವರೂ ಮಹಡಿ ಹತ್ತಿ ಬಂದರು. ನನ್ನ ಗಂಡ ಸ್ನಾನ ಮಾಡಿ, ವಾಚು ಕಟ್ಟಿಕೊಂಡು ಕೂತಿದ್ದರು. ಅಕ್ಕನ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಹುಷಾರಿಲ್ವಾ ಎಂದರೆ, ಏನಿಲ್ಲ ಬಿಡೇ ಎಂದಳು. ಭಾವ ನಮ್ಮ ಗೋಡೆಗಳನ್ನು ಹೀಗೆ ಹಾಗೆ ನೋಡುತ್ತಾ, “ಮೇಲೆ ಗೋಡೌನ್ ಮಾಡಿಕೊಂಡ್ರೂ ಆಗುತ್ತೆ,” ಎಂದರು, ಯಾರಿಗೂ ಹೇಳದವರ ಹಾಗೆ, ಎಲ್ಲರಿಗೂ ಕೇಳಿಸುವ ಹಾಗೆ.

“ಗೋಡೌನಲ್ಲಿ ನಾವು ಇರಬಹುದಾ, ಖಾಲಿ ಮಾಡಬೇಕಾ?” ಎಂದು ಕೇಳಿದೆ.

“ನೀವು ಮನೆಯೋರಮ್ಮ. ಬಾಡಿಗೆ ಕಮ್ಮಿ ಮಾಡ್ತೀನಿ.”

ಅಪ್ಪ ತಮ್ಮ ಹಳೆಯ ಕೀಲಿಯ ವಾಚನ್ನು ಬಿಚ್ಚಿ ಊಟದ ಮೇಜಿನ ನಡುವೆ ಇಟ್ಟರು. ಅದರ ಎಡಕ್ಕೆ ಭಾವನ ವಾಚು, ಬಲಕ್ಕೆ ನಮ್ಮದು. ಎರಡೂ ಓಡುತ್ತಿದ್ದವು. ಭಾವನ ಮುಖ ಸ್ವಲ್ಪ ಇಳಿಯಿತು. ನಮ್ಮ ವಾಚು ನಿಂತಿರುತ್ತದೆ ಎಂದು ಅವರು ಟೇಪು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು.

“ಓಡ್ತಿದೆ,” ಎಂದರು ಅಪ್ಪ.

“ಓಡ್ತಿದೆ ಮಾವ,” ಎಂದರು ನನ್ನ ಗಂಡ.

ಅಪ್ಪ ಬಗ್ಗಿ ನಮ್ಮ ವಾಚು ನೋಡಿದರು. ತಮ್ಮ ವಾಚು ನೋಡಿದರು. ಮತ್ತೆ ನಮ್ಮದು. ಆಮೇಲೆ ಎದ್ದು ಮೆಟ್ಟಿಲಿಳಿದು ಬೇಕರಿಗೆ ಹೋದರು. ಬ್ರೆಡ್ಡು ತರಲು ಹೋದರೇನೋ ಎಂದುಕೊಂಡೆ. ಬರಿಗೈಯಲ್ಲಿ ಬಂದರು.

“ಕೆಳಗೆ ಗೋಡೆ ಗಡಿಯಾರ ಎಷ್ಟು ಮುಂದೆ ಇಟ್ಟಿದ್ದೀರಿ?”

“ಹನ್ನೆರಡು ನಿಮಿಷ,” ಎಂದರು ಇವರು.

“ಈ ವಾಚೂ ಹನ್ನೆರಡೇ ನಿಮಿಷ ಮುಂದಿದೆ.”

ವೈಂಡರಿಗೆ ಹಾಕುವ ದಿನ ನಾನು ಕೆಳಗೆ ಇಣುಕಿ, ಆ ಗಡಿಯಾರ ನೋಡಿಯೇ ಮುಳ್ಳು ತಿರುಗಿಸಿದ್ದೆ. ಅದರಲ್ಲೇ ಬದುಕುವ ನಮಗೆ ಅದು ಮುಂದಿದೆ ಎನ್ನುವುದೇ ಮರೆತುಹೋಗಿತ್ತು.

ಅಪ್ಪ ಕೂತರು. ಡಿಪೋ ಗೇಟಿನಲ್ಲಿ ಡ್ರೈವರನ್ನು ನಿಲ್ಲಿಸಿ ಮಾತಾಡುತ್ತಿದ್ದ ದನಿ ಬಂತು.

“ಕೈಯಲ್ಲಿ ಕಟ್ಟಿಕೊಂಡು ಬೀದಿಗೆ ಇಳಿದ ವಾಚು ಬೀದಿ ಟೈಮು ತೋರಿಸುತ್ತೆ. ಬ್ಯಾಂಕಿಗೆ ಹೋದಾಗಲೋ, ಬಸ್ಸು ತಪ್ಪಿದಾಗಲೋ, ಎಲ್ಲೋ ಒಂದು ಕಡೆ ಮನುಷ್ಯ ಮುಳ್ಳು ಸರಿ ಮಾಡಿಕೊಳ್ತಾನೆ. ಈ ವಾಚು ಈ ಕಟ್ಟಡ ಬಿಟ್ಟು ಹೋಗೇ ಇಲ್ಲ. ಹಿಟ್ಟಲ್ಲಿ ಕಟ್ಟಲ್ಲ ಅಂತ ನೀವೇ ಹೇಳಿದ್ದೀರಿ. ಹಾಗಾದ್ರೆ ಇದನ್ನ ಓಡಿಸ್ತಾ ಇರೋದು ಯಾರು?”

ನನ್ನ ಗಂಡ ಎದ್ದು ಕೋಣೆಗೆ ಹೋದರು. ಬೀರು ತೆಗೆದ ಸದ್ದು, ಹೊದಿಕೆ ಬಿದ್ದ ಸದ್ದು. ಮರದ ಪೆಟ್ಟಿಗೆಯನ್ನು ತಂದು ಅಪ್ಪನ ಮುಂದೆ ಇಟ್ಟು ಮುಚ್ಚಳ ತೆಗೆದರು. ಅದರ ಸರದಿ ಬಂದಿತ್ತೋ ಏನೋ, ವಾಚಿಲ್ಲದ ಬೋಳು ದಿಂಬು ತನ್ನಷ್ಟಕ್ಕೆ ತಾನು ತಿರುಗತೊಡಗಿತು.

“ಇದು ಮಾವ. ನಿಮ್ಮ ಅಳಿಯ.”

ಭಾವ ಕುರ್ಚಿಗೆ ಒರಗಿ ನಕ್ಕರು. “ಅಬ್ಬಬ್ಬ. ಮಾವನಿಗೇ ಟೋಪಿ. ನಾನಾದ್ರೆ ನೇಣು ಹಾಕಿಕೊಳ್ತಿದ್ದೆ. ಮಾವ, ಇನ್ನೇನು ಯೋಚನೆ? ನಾಳೆಯೇ ಗಾರೆಯೋರನ್ನ ಕರೆಸಿ ಆ ಗೂಡು…”

“ಷಡ್ಡಕರೇ,” ಎಂದರು ನನ್ನ ಗಂಡ, “ನಿಮ್ಮದು ಕೀರೋದು ನಿಂತಿತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಭಾವ ಮೇಜಿನ ಮೇಲಿದ್ದ ತಮ್ಮ ವಾಚಿಗೆ ಕೈ ಹಾಕಿದರು.

“ಏನು ಕೀರೋದು? ಇವರ ಮಾತು ಕೇಳಬೇಡಿ ಮಾವ. ಸಿಕ್ಕಿಬಿದ್ದೋನು ಪಕ್ಕದೋನ ಕಾಲು ಎಳೀತಾನೆ.”

“ನಾನೂ ಅದೇ ಅಂಗಡಿಗೆ ಹೋಗಿದ್ದೆ ಭಾವ,” ಎಂದೆ. “ಅಗ್ಗದ್ದು, ಪ್ಲಾಸ್ಟಿಕ್ಕಿನದು. ಅಂಗಡಿಯವನೇ ಹೇಳಿದ.”

“ಸುಳ್ಳು. ಬಾಯಿ ಮುಚ್ಚಮ್ಮ. ಗಂಡನ್ನ ಉಳಿಸಿಕೊಳ್ಳೋಕೆ…”

“ಸುಳ್ಳಲ್ಲ,” ಎಂದಳು ಅಕ್ಕ. ಅವಳು ಬಂದ ಮೇಲೆ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. “ನನ್ನ ತಲೆದಿಂಬಿನ ಹತ್ರಾನೇ ಇಟ್ಟಿದ್ದಾರೆ. ಗುರ್ ಅನ್ನುತ್ತೆ, ನಿಲ್ಲುತ್ತೆ. ಈಗ ನಿದ್ದೆ ಬಂತು ಅನ್ನೋಷ್ಟರಲ್ಲಿ ಮತ್ತೆ ಗುರ್. ಆಚೆ ಕೋಣೇಲಿ ಇಡ್ರೀ ಅಂದ್ರೆ, ಯಾರಾದ್ರೂ ಬಂದ್ರೆ ಕಾಣುತ್ತೆ ಅಂತಾರೆ. ಒಬ್ಬ ಗೊರಕೆ ಹೊಡೆಯೋ ಗಂಡ ಸಾಲದು ಅಂತ ಇನ್ನೊಂದು ತಂದು ಮಲಗಿಸಿದ್ದಾರೆ.”

“ಏಯ್,” ಎಂದರು ಭಾವ.

“ಏಯ್ ಅಂದ್ರೆ ಅಪ್ಪನ ಮುಂದೇನೇ ಅನ್ನಿ. ನನಗೆ ನಿದ್ದೆ ಬೇಕು.”

ನಗಬೇಕೆನ್ನಿಸಿತು. ಆದರೆ ಅಪ್ಪನ ಮುಖ ನೋಡಿ ನಗು ನುಂಗಿಕೊಂಡೆ. ಅವರು ಎರಡೂ ವಾಚನ್ನು ಎತ್ತಿ, ಬೆನ್ನಿನ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿ, ಒಂದೊಂದಾಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ತಮ್ಮ ವಾಚು ಕಟ್ಟಿಕೊಂಡರು. ಕೊಕ್ಕೆ ಸಿಗಲಿಲ್ಲ. ನಾನು ಸಹಾಯಕ್ಕೆ ಹೋದರೆ ಕೈ ಹಿಂದೆಳೆದುಕೊಂಡರು.

“ನೀನು ಡಿಪೋ ಗೇಟಲ್ಲಿ ಆಡಿ ಬೆಳೆದೋಳು,” ಎಂದರು ನನಗೆ. “ಟೈಮು ತಿದ್ದಿದ ಡ್ರೈವರನ್ನ ನಾನು ಏನು ಮಾಡ್ತಿದ್ದೆ ಅಂತ ನಿನಗೆ ಗೊತ್ತು.”

“ಮಾವ,” ಎಂದರು ನನ್ನ ಗಂಡ. ಅವರ ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. “ಮದುವೆಯಾದಾಗಿನಿಂದ ಪ್ರತಿ ಭಾನುವಾರ ಬಂದು ವಾಚು ನೋಡಿದ್ರಿ. ಒಂದೇ ಒಂದು ದಿನ ಬೆಳಗಿನ ಜಾವ ಬಂದು ಕೈ ನೋಡಲಿಲ್ಲ. ತಗೊಳ್ಳಿ, ಈಗ ನೋಡಿ.”

ಎರಡೂ ಅಂಗೈಯನ್ನು ಮೇಜಿನ ಮೇಲೆ ಮಲಗಿಸಿದರು. ಮುಂಗೈ ತುಂಬ ಟ್ರೇ ತಗುಲಿದ ಸುಟ್ಟ ಗೆರೆಗಳು, ಹಳೆಯವು ಬಿಳಿ, ಹೊಸವು ಕೆಂಪು.

“ಕೈ ನೋಡೋದು ಶಾಸ್ತ್ರ ಹೇಳೋರ ಕೆಲಸ,” ಎಂದರು ಅಪ್ಪ. ನೋಡಲಿಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಬೆನ್ನು ಮಾಡಿಕೊಂಡೇ ಹೇಳಿದರು. “ಇಬ್ಬರೂ ಕಳ್ಳರೇ. ಒಬ್ಬ ಕಳ್ಳ ಬ್ರೆಡ್ಡಾದ್ರೂ ಮಾಡ್ತಾನೆ. ಜಾಗ ಅವನಿಗಿರಲಿ, ಪತ್ರ ಮಾಡಿಸಿ ಕಳಿಸ್ತೀನಿ. ಇನ್ನು ಈ ಮೆಟ್ಟಿಲು ನಾನು ಹತ್ತಲ್ಲ.”

“ಮಾವ, ಮತ್ತೆ ನಮ್ಮ ಹಾಸಿಗೆ…” ಎಂದು ಭಾವ ಎದ್ದರು.

“ನೀವು ಮನೆಗೆ ಹೋಗಿ ಮಲಗಿ.”

ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಕೆಳಗಿಳಿಯಿತು. ಹಿಂದೆಯೇ ಅಕ್ಕ, ಭಾವ ಜಗಳವಾಡಿಕೊಂಡು ಇಳಿದರು. ನನ್ನ ಗಂಡ ಕಿಟಕಿಯ ಬಳಿ ನಿಂತು, ಅಪ್ಪ ಬೀದಿಯ ತಿರುವು ದಾಟುವವರೆಗೂ ನೋಡಿದರು. ಭಟ್ಟಿ ಉಳಿಯಿತು ರೀ ಎಂದೆ. ಹೂಂ ಎಂದರು. ಸಂತೋಷಪಡಬೇಕಾದ ನಾವಿಬ್ಬರು ಆ ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಅನ್ನ ಹಾಕಿಕೊಂಡು, ಅರ್ಧ ಬಿಟ್ಟು ಎದ್ದೆವು.

ಮಾರನೆಯ ದಿನ ಬೆಳಿಗ್ಗೆ ಶಟರ್ ಎತ್ತಿದಾಗ ಎಂದಿನಂತೆ ಸಾಲು ನಿಂತಿತ್ತು. ಮುಂದೆ ಶಾಲೆಯ ಆಯಾ, ಆಮೇಲೆ ಹಾಲಿನ ಅಂಗಡಿಯವನು, ಅವನ ಹಿಂದೆ ಅಪ್ಪ. ಕೈಯಲ್ಲಿ ಬಟ್ಟೆಯ ಚೀಲ. ನಾನು “ಅಪ್ಪಾ, ಒಳಗೆ ಬನ್ನಿ,” ಎಂದೆ. ಅವರು ಹಾಲಿನ ಅಂಗಡಿಯವನ ಬೆನ್ನನ್ನೇ ನೋಡುತ್ತಾ ನಿಂತರು. ಅವನು ಪಕ್ಕಕ್ಕೆ ಸರಿದು ದಾರಿ ಕೊಟ್ಟರೆ, “ನಿಮ್ಮ ಸರದಿ ಮುಗೀಲಿ,” ಎಂದರು.

ಅವರ ಸರದಿ ಬಂತು.

“ಒಂದು ಬ್ರೆಡ್ಡು.”

ಅಷ್ಟು ಹೊತ್ತಿಗೆ ನನ್ನ ಗಂಡ ಎರಡನೇ ಸುತ್ತಿನ ಬಿಸಿ ಟ್ರೇ ಹೊತ್ತುಕೊಂಡು ಒಳಗಿನಿಂದ ಬಂದರು. ಅಪ್ಪನನ್ನು ಕಂಡು ಒಂದು ಕ್ಷಣ ನಿಂತು, ಟ್ರೇ ಇಳಿಸಿ, ಎಲ್ಲಕ್ಕಿಂತ ಚೆನ್ನಾಗಿ ಉಬ್ಬಿದ ಒಂದನ್ನು ಆರಿಸಿ ಕಾಗದದಲ್ಲಿ ಸುತ್ತಿ ಕೌಂಟರಿನ ಮೇಲೆ ಇಟ್ಟರು. ಅಪ್ಪ ಕಾಗದ ಬಿಚ್ಚಿದರು. ಬ್ರೆಡ್ಡನ್ನು ತಿರುಗಿಸಿ ತಳ ನೋಡಿದರು, ಹೆಬ್ಬೆರಳಿನಿಂದ ಪಕ್ಕ ಒತ್ತಿದರು.

“ತಳ ಸ್ವಲ್ಪ ಜಾಸ್ತಿ ಬೆಂದಿದೆ. ಬೇರೆ ಕೊಡಿ.”

“ಬೇರೆ ಕೊಡ್ತೀನಿ ಸಾರ್,” ಎಂದರು ನನ್ನ ಗಂಡ.

ಸಾರ್ ಎಂದದ್ದು ಅಪ್ಪನಿಗೆ ಎಲ್ಲಿ ತಗುಲಿತೋ ನಾನು ಕಾಣೆ. ರೆಪ್ಪೆ ಮಾತ್ರ ಒಮ್ಮೆ ಬಡಿಯಿತು. ಎರಡನೇ ಬ್ರೆಡ್ಡನ್ನು ನೋಡದೆಯೇ ಚೀಲಕ್ಕೆ ಹಾಕಿಕೊಂಡು ನೋಟು ಚಾಚಿದರು. ಇಷ್ಟು ವರ್ಷದಲ್ಲಿ ಈ ಅಂಗಡಿಯಲ್ಲಿ ಅವರ ಕೈಯಿಂದ ನಾನು ದುಡ್ಡು ಮುಟ್ಟಿದವಳಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಅವರು ಚಿಲ್ಲರೆಗಾಗಿ ಅಂಗೈ ಮುಂದಿಟ್ಟುಕೊಂಡು, ಗೋಡೆಯ ಮೇಲಿನ ಬೆಲೆಯ ಬೋರ್ಡನ್ನು ಓದುತ್ತಾ ನಿಂತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು.

ಚಿಲ್ಲರೆಯನ್ನು ಅವರ ಅಂಗೈಗೆ ಹಾಕಿದೆ.

“ಮುಂದೆ ಯಾರು?” ಎಂದೆ.